ನೀರೂರದ ಬಾಯಿ

ಎರಡು ವರ್ಷದ ಹಿಂದೆ ಆಷಾಢದ ಒಂದು ಸಂಜೆ ಹೊಸನಗರದ ಕಡೆಯಿಂದ ಫೋನ್ ಬಂತು. ಅತ್ತೆಯ ಸೊಸೆ. ಹೊರಗೆ ಹೊಯ್ಯುತ್ತಿದ್ದ ಮಳೆಗೆ ಎರಡು ಸಲ ಲೈನ್ ಕಡಿದುಹೋಗಿ ಮೂರನೇ ಸಲಕ್ಕೆ ದನಿ ಸರಿಯಾಗಿ ಕೇಳಿಸಿತು. "ಅಕ್ಕಾ, ಇವ್ರಿಗೆ ಗಂಟಲಲ್ಲಿ ಅದೇ ಅಂತೆ" ಅಂದಳು. ನಮ್ಮ ಕಡೆ ಆ ಕಾಯಿಲೆಯನ್ನು ಮೊದಲ ಸಲ ಹೇಳುವಾಗ ಯಾರೂ ಹೆಸರು ಹಿಡಿದು ಹೇಳುವುದಿಲ್ಲ. 'ಅದು' ಅಂದರೆ ಕ್ಯಾನ್ಸರ್ ಅಂತ ಅರ್ಥವಾಗುತ್ತದೆ. ಎಡಗಡೆ ಟಾನ್ಸಿಲ್‌ನಲ್ಲಿ ಸಣ್ಣ ಗಡ್ಡೆ, ಕರೆಂಟ್, ಅಂದರೆ ವಿಕಿರಣ, ಕೊಡಬೇಕು ಅಂದಿದ್ದಾರೆ, ಬರುವ ವಾರ ಮುಖದ ಅಳತೆ ತೆಗೆಯುತ್ತಾರೆ ಅಂದಳು. ಆಮೇಲೆ ಒಂದರ ಹಿಂದೆ ಒಂದು ಪ್ರಶ್ನೆ. ಎಷ್ಟು ದಿನ, ಎಷ್ಟು ಖರ್ಚು, ಕೂದಲು ಉದುರ್ತದಾ, ಉರಿ ಬಹಳವಾ, ಊಟ ಹೋಗ್ತದಾ. ಎಲ್ಲಕ್ಕೂ ಗೊತ್ತಿದ್ದಷ್ಟು ಉತ್ತರ ಹೇಳಿ ನಾನು ಕೇಳಿದೆ, "ಬಾಯಿನೀರಿನ ವಿಷಯ ಕೇಳಿದ್ರಾ?"

ಆ ಕಡೆ ಸ್ವಲ್ಪ ಹೊತ್ತು ಬರೀ ಮಳೆ. "ಎಂತದ್ದು ಅಕ್ಕಾ?"

"ಎಂಜಲು. ಕರೆಂಟ್ ಕೊಟ್ಟ ಮೇಲೆ ಬಾಯಲ್ಲಿ ನೀರು ಉಳೀತದಾ, ಉಳಿಸಲಿಕ್ಕೆ ಎಂತ ಮಾಡ್ತಾರೆ, ಅದನ್ನ ಕೇಳಿ. ಅಳತೆ ತೆಗೆಯೋ ಮೊದಲೇ ಕೇಳಿ. ಆಮೇಲೆ ಕೇಳಿದ್ರೆ ಉಪಯೋಗ ಇಲ್ಲ."

ಫೋನ್ ಇಟ್ಟ ಮೇಲೆ ಕೈ ನಡುಗುತ್ತಿತ್ತು. ಈ ಪ್ರಶ್ನೆಯನ್ನು ಅಪ್ಪಯ್ಯನಿಗಾಗಿ ನಾವು ಯಾರೂ ಕೇಳಿರಲಿಲ್ಲ. ಹತ್ತು ಹನ್ನೊಂದು ವರ್ಷ ಅದು ನನ್ನೊಳಗೇ ಇತ್ತು, ಕೇಳಬೇಕಾದ ಜಾಗ ಸಿಕ್ಕಿರಲಿಲ್ಲ.

2012ರಲ್ಲಿ ಅಪ್ಪಯ್ಯನಿಗೆ ನಾಲಿಗೆಯ ಬುಡದಲ್ಲಿ ಗಡ್ಡೆ. ಬೆಂಗಳೂರಿನ ಒಂದು ಆಸ್ಪತ್ರೆ, ಒಂದು ಸಣ್ಣ ಕೋಣೆ, ಒಂದು ಮೇಜು, ಖರ್ಚಿನ ಲೆಕ್ಕ ಹೇಳುವವರು ಒಬ್ಬರು. ಎರಡು ಥರ ಇದೆ ಅಂದರು. ಸಾದಾ ಒಂದು, ಐಎಂಆರ್‌ಟಿ ಅಂತ ಇನ್ನೊಂದು. ಎರಡಕ್ಕೂ ಒಂದು ಲಕ್ಷದ ಮೇಲೆ ವ್ಯತ್ಯಾಸ. ಅಣ್ಣ ಕೇಳಿದ, "ಗುಣ ಆಗೋದ್ರಲ್ಲಿ ಫರಕು ಉಂಟಾ ಸಾರ್?" ಅವರು, "ಇಲ್ಲ, ಕಾಯಿಲೆ ಮಟ್ಟಿಗೆ ಎರಡೂ ಒಂದೇ" ಅಂದರು. ಅಪ್ಪಯ್ಯ ಕುರ್ಚಿಯಲ್ಲಿ ಸ್ವಲ್ಪ ಮುಂದೆ ಬಂದು, "ಹಂಗಾದ್ರೆ ಸಾದಾದೇ ಸಾಕು" ಅಂದುಬಿಟ್ಟರು. ತಂಗಿಯ ಮದುವೆ ಮುಂದಿತ್ತು, ಕೊಯ್ಲು ಮುಗಿದಿರಲಿಲ್ಲ, ಮಂಡಿಯಲ್ಲಿ ಸಾಲ ಇತ್ತು. ನಾವು ಸಹಿ ಹಾಕಿದೆವು. ಮೂರು ನಿಮಿಷವೂ ಹಿಡಿದಿರಲಿಕ್ಕಿಲ್ಲ. ಅವರು ಹೇಳಿದ್ದು ಸುಳ್ಳಲ್ಲ ಅನ್ನುವುದೇ ನನ್ನನ್ನು ಇಷ್ಟು ವರ್ಷ ಕಾಡಿದ್ದು. ಕಾಯಿಲೆ ಗುಣವಾಗುವ ಮಟ್ಟಿಗೆ ಎರಡೂ ಒಂದೇ ಇತ್ತು. ವ್ಯತ್ಯಾಸ ಇದ್ದದ್ದು ಗುಣವಾದ ಮೇಲೆ ಬದುಕುವ ಬಾಯಿಯಲ್ಲಿ. ನಾವು ಅದನ್ನು ಕೇಳಲಿಲ್ಲ, ಅವರೂ ಹೇಳಲಿಲ್ಲ.

ಬಾಯಾರಿಕೆ ಅನ್ನುವ ಮಾತು

ನಮ್ಮ ಮನೆಗಳಲ್ಲಿ ಯಾರೇ ಬರಲಿ, ಜಗಲಿಗೆ ಕಾಲಿಟ್ಟ ಕೂಡಲೇ ಮೊದಲು ಕೇಳುವುದು "ಬಾಯಾರಿಕೆಗೆ ಎಂತ ಕೊಡಲಿ?" ಒಂದು ಚೊಂಬು ನೀರು, ಒಂದು ತುಂಡು ಬೆಲ್ಲ. ಬಾಯಿ ಆರುವುದೇ ಬಾಯಾರಿಕೆ. ಹಾಗಾಗಿ ಕನ್ನಡದಲ್ಲಿ ಮೈಗೆ ನೀರು ಬೇಕಾಗುವುದಕ್ಕೂ ಬಾಯಿ ಒಣಗುವುದಕ್ಕೂ ಒಂದೇ ಪದ. ಈ ಒಂದು ಪದ ನಮ್ಮನ್ನು ಬಹಳ ದಿನ ದಾರಿ ತಪ್ಪಿಸಿತು ಅಂತ ನನಗೆ ಈಗ ಅನ್ನಿಸುತ್ತದೆ. ಅಪ್ಪಯ್ಯ ಬಾಯಿ ಆರ್ತದೆ ಅಂದಾಗಲೆಲ್ಲ ಅಮ್ಮ ನೀರು ಕೊಟ್ಟಳು. ಕುಡಿದರು, ಎರಡು ನಿಮಿಷಕ್ಕೆ ಮತ್ತೆ ಆರಿತು, ಮತ್ತೆ ಕೊಟ್ಟಳು. ತಪಾಸಣೆಗೆ ಹೋದಾಗ ಒಬ್ಬ ಚಿಕ್ಕ ವಯಸ್ಸಿನ ಡಾಕ್ಟರು "ಬಾಯಾರಿಕೆ ಆಗುತ್ತಾ?" ಅಂತ ಕೇಳಿದರೆ, ಅಪ್ಪಯ್ಯ "ಇಲ್ಲ, ನೀರು ಚೆನ್ನಾಗಿ ಕುಡೀತೇನೆ" ಅಂದರು. ಅವರು ಅದನ್ನೇ ಬರೆದುಕೊಂಡರು. ಇಬ್ಬರೂ ತಮ್ಮ ತಮ್ಮ ಅರ್ಥದಲ್ಲಿ ಸರಿಯಾಗಿಯೇ ಮಾತಾಡಿದ್ದರು.

ಬಾಯಿನೀರು ಬರೀ ನೀರಲ್ಲ. ಅದರಲ್ಲಿ ಜಾರಿಕೆ ಕೊಡುವ ಲೋಳೆ ಇದೆ, ಹುಳಿಯನ್ನು ತಣಿಸುವ ಕ್ಷಾರ ಇದೆ, ಹಲ್ಲಿನ ಮೇಲ್ಪದರವನ್ನು ಮತ್ತೆ ಮತ್ತೆ ರಿಪೇರಿ ಮಾಡುವ ಕ್ಯಾಲ್ಸಿಯಂ, ಫಾಸ್ಫೇಟ್ ಇವೆ, ಸೂಕ್ಷ್ಮಾಣುಗಳನ್ನು ಕೊಲ್ಲುವ ವಸ್ತುಗಳಿವೆ. ಆರೋಗ್ಯವಂತರಲ್ಲಿ ದಿನಕ್ಕೆ ಅರ್ಧ ಲೀಟರಿನಿಂದ ಒಂದೂವರೆ ಲೀಟರ್ ತನಕ ಅದು ಬರುತ್ತದೆ, ನಾವು ಒಂದು ಸಲವೂ ಗಮನಿಸದೆ ನುಂಗುತ್ತಿರುತ್ತೇವೆ. ಇಷ್ಟು ಉಪಕಾರ ಮಾಡುವ ವಸ್ತುವಿಗೆ ನಮ್ಮ ಮಾತಿನಲ್ಲಿ ಒಂದು ಮರ್ಯಾದೆಯ ಹೆಸರಿಲ್ಲ. ಎಂಜಲು ಅಂದರೆ ಮೈಲಿಗೆ, ಉಗುಳು ಅಂದರೆ ಅಸಹ್ಯ, ಜೊಲ್ಲು ಅಂದರೆ ಅವಮಾನ. ಲಾಲಾರಸ ಶಾಲೆಯ ಪುಸ್ತಕ ಬಿಟ್ಟು ಹೊರಗೆ ಬರಲಿಲ್ಲ. ಪ್ರೀತಿಯಿಂದ ಹೇಳುವುದು ಒಂದೇ, ಬಾಯಲ್ಲಿ ನೀರೂರುವುದು. ಅದೂ ಊಟದ ಹೊತ್ತಿಗೆ ಮಾತ್ರ.

ಈ ನೀರು ಬರುವುದು ಮುಖ್ಯವಾಗಿ ಮೂರು ಜೋಡಿ ಗ್ರಂಥಿಗಳಿಂದ. ಕಿವಿಯ ಮುಂದೆ, ಕೆನ್ನೆಯ ಹಿಂಭಾಗದಲ್ಲಿ ಇರುವ ಪೆರೋಟಿಡ್ ಎಲ್ಲಕ್ಕಿಂತ ದೊಡ್ಡದು. ತಿನ್ನುವಾಗ ಬರುವ ತೆಳ್ಳಗಿನ ನೀರು ಹೆಚ್ಚಾಗಿ ಅದರದ್ದು. ದವಡೆಯ ಕೆಳಗಿನ ಜೋಡಿ ಸುಮ್ಮನಿರುವಾಗಲೂ ನಿದ್ದೆಯಲ್ಲೂ ಬಾಯಿಯನ್ನು ಒದ್ದೆ ಇಡುತ್ತದೆ. ಆ ಹೊತ್ತಿನ ನೀರಿನಲ್ಲಿ ಸುಮಾರು ಮೂರನೇ ಎರಡು ಪಾಲು ಅಲ್ಲಿಂದಲೇ. ಮೂರನೆಯದು ನಾಲಿಗೆಯ ಅಡಿಯಲ್ಲಿ. ಕುತ್ತಿಗೆಯ ಎರಡೂ ಬದಿಗೆ ಕಿರಣ ಬಿಟ್ಟರೆ ಈ ಮೂರೂ ಜೋಡಿ ದಾರಿಯಲ್ಲೇ ಸಿಕ್ಕುತ್ತವೆ. ವಿಚಿತ್ರ ಏನೆಂದರೆ, ನಿಧಾನವಾಗಿ ಬೆಳೆಯುವ ಜೀವಕೋಶಗಳು ಸಾಮಾನ್ಯವಾಗಿ ವಿಕಿರಣಕ್ಕೆ ಗಟ್ಟಿ. ನೀರು ಸುರಿಸುವ ಈ ಕೋಶಗಳು ಮಾತ್ರ ನಿಧಾನವಾಗಿ ಬೆಳೆಯುವವಾಗಿದ್ದರೂ ಮೊದಲ ವಾರದಲ್ಲೇ ಸೋಲುತ್ತವೆ.

ಅಪ್ಪಯ್ಯನಿಗೆ ವಾರಕ್ಕೆ ಐದು ದಿನದ ಹಾಗೆ ಏಳು ವಾರ, 35 ಸಲ, ಒಟ್ಟು 70 ಗ್ರೇ. ಗ್ರೇ ಅಂದರೆ ಮೈಗೆ ಬೀಳುವ ವಿಕಿರಣದ ಅಳತೆ. ಎರಡನೇ ವಾರಕ್ಕೆ ಬಾಯಿ ಅಂಟ್ತದೆ ಅಂದರು. ಮೊದಲು ನೀರು ಕಡಿಮೆಯಾಗಿ ಲೋಳೆ ಮಾತ್ರ ಉಳಿಯಿತು, ಹಲಸಿನ ಮೇಣದ ಹಾಗೆ ಎಳೆಎಳೆಯಾಗಿ. ಅದನ್ನು ಬೆರಳು ಹಾಕಿ ಎಳೆದು ತೆಗೆಯಬೇಕಿತ್ತು. ಚಿಕಿತ್ಸೆ ಮುಗಿದು ಬಾಯಿಯ ಹುಣ್ಣೆಲ್ಲ ಮಾಗಿದ ಮೇಲೆ ಲೋಳೆಯೂ ಹೋಯಿತು. ನಾವು ಹುಣ್ಣು ಮಾಗಿತಲ್ಲ, ಇನ್ನು ಎಲ್ಲ ಸರಿಹೋಗುತ್ತದೆ ಅಂದುಕೊಂಡೆವು.

ಭರಣಿ

ತೀರ್ಥಹಳ್ಳಿಯ ಹತ್ತಿರದ ನಮ್ಮ ಮನೆಗೆ ವಾಪಸು ಬಂದ ಮೇಲಿನ ಒಂದು ರಾತ್ರಿ ನನಗೆ ಇವತ್ತಿಗೂ ಕಣ್ಣಿಗೆ ಕಟ್ಟಿದ ಹಾಗಿದೆ. ಅಪ್ಪಯ್ಯನ ತಟ್ಟೆಯಲ್ಲಿ ಮೆತ್ತಗಿನ ಅನ್ನ, ಮಜ್ಜಿಗೆ. ಒಂದು ತುತ್ತು ಬಾಯಿಗಿಟ್ಟರು. ಅದು ಅಲ್ಲೇ ನಿಂತಿತು. ಅಗಿಯುತ್ತಾರೆ, ಅಗಿಯುತ್ತಾರೆ, ಒಳಗೆ ಹೋಗುವುದಿಲ್ಲ. ಮಜ್ಜಿಗೆ ಕುಡಿದರೆ ಮಜ್ಜಿಗೆ ಮಾತ್ರ ಹೋಗಿ ಅನ್ನ ನಾಲಿಗೆಯ ಮೇಲೆ ಉಳಿಯುತ್ತದೆ. ಅಮ್ಮ ಎದುರು ಕೂತು ನೋಡುತ್ತಿದ್ದವಳು ತಟ್ಟನೆ ಎದ್ದು ಒಳಗೆ ಹೋದಳು. ಅಟ್ಟದ ಭರಣಿ ಇಳಿಸುವ ಸದ್ದು. ಆ ವರ್ಷ ಯಾರಿಗೂ ಬಡಿಸದೆ ಇಟ್ಟಿದ್ದ ಅಪ್ಪೆಮಿಡಿ. ಮುಚ್ಚಳಕ್ಕೆ ಕಟ್ಟಿದ್ದ ಬಟ್ಟೆ ಬಿಚ್ಚಿದ ಕೂಡಲೇ ಅಡುಗೆಮನೆಯಿಂದ ಜಗಲಿಯ ತನಕ ಆ ಪರಿಮಳ ಬಂತು. ನನ್ನ ಬಾಯಿ ತುಂಬಿತು, ಅಣ್ಣನೂ ನುಂಗಿಕೊಂಡದ್ದು ಕಾಣಿಸಿತು. ಅಮ್ಮನ ಲೆಕ್ಕ ಸರಳ. ಅಪ್ಪೆಮಿಡಿ ನೋಡಿ ನೀರೂರದ ಬಾಯಿ ಲೋಕದಲ್ಲಿ ಇಲ್ಲ.

ಒಂದು ಮಿಡಿಯ ಚೂರನ್ನು ಅಪ್ಪಯ್ಯನ ನಾಲಿಗೆಯ ತುದಿಗೆ ಇಟ್ಟಳು. ಅವರ ಮುಖ ಅರಳಿತು, ನಾನು ನೋಡಿದೆ. ಕಣ್ಣು ಅದನ್ನು ಗುರುತು ಹಿಡಿದಿತ್ತು, ಮೂಗು ಹಿಡಿದಿತ್ತು. ಬಾಯಿ ಮಾತ್ರ ಏನೂ ಮಾಡಲಿಲ್ಲ. ಎರಡು ಕ್ಷಣ ಕಳೆದು ಉರಿ ಶುರುವಾಯಿತು. ಉಪ್ಪು, ಹುಳಿ, ಸಾಸಿವೆ ಎಲ್ಲ ಒಣ ಚರ್ಮದ ಮೇಲೆ ನೇರ ಕೂತಿತ್ತು, ತೊಳೆದು ಒಯ್ಯಲು ನೀರಿಲ್ಲ. ಅಪ್ಪಯ್ಯ ಎದ್ದು ಅಂಗಳಕ್ಕೆ ಹೋಗಿ ಉಗುಳಿದರು, ಉಗುಳಲಿಕ್ಕೂ ನೀರಿಲ್ಲದೆ ಬೆರಳಿನಿಂದ ತೆಗೆದರು. ಅಮ್ಮ ಭರಣಿಯ ಬಟ್ಟೆಯನ್ನು ವಾಪಸು ಕಟ್ಟುತ್ತಾ, "ತಪ್ಪಾಯ್ತು ಮಾರಾಯ್ರೇ, ನಂಗೆ ತಿಳೀಲಿಲ್ಲ" ಅಂತ ಎಷ್ಟು ಸಲ ಹೇಳಿದಳೋ. ಆಮೇಲೆ ನಮ್ಮ ಮನೆಯಲ್ಲಿ ಎರಡು ವರ್ಷ ಮಿಡಿ ಹಾಕಲಿಲ್ಲ.

ಆವತ್ತು ಅಮ್ಮನಿಗೆ ತಿಳಿಯದ್ದು ನನಗೂ ತಿಳಿದಿರಲಿಲ್ಲ. ಹುಳಿ ಗ್ರಂಥಿಯನ್ನು ಎಬ್ಬಿಸುತ್ತದೆ, ನಿಜ. ಎಬ್ಬಿಸಲು ಅಲ್ಲಿ ಬದುಕಿರುವ ಗ್ರಂಥಿ ಬೇಕು. ಅದು ಇಲ್ಲದಲ್ಲಿ ಹುಳಿ ಬಾಯಿ ಸುಡುತ್ತದೆ, ಹಲ್ಲು ತಿನ್ನುತ್ತದೆ. ನಾಲಿಗೆಗೆ ರುಚಿ ಮುಟ್ಟಬೇಕಾದರೂ ಅದು ಮೊದಲು ಬಾಯಿನೀರಿನಲ್ಲಿ ಕರಗಬೇಕು. ಅಪ್ಪಯ್ಯ ಯಾವ ಸಾರಿಗೂ "ಉಪ್ಪು ಹಾಕಿದ್ಯಾ?" ಅಂತ ಕೇಳುತ್ತಿದ್ದದ್ದು, ಅಮ್ಮ ಅದನ್ನು ತನ್ನ ಅಡುಗೆಯ ದೂರು ಅಂತ ತಿಳಿದು ಒಳಗೊಳಗೇ ನೊಂದದ್ದು, ಎಲ್ಲ ಈಗ ಬೇರೆ ಥರ ಕಾಣಿಸುತ್ತದೆ.

ಅಮ್ಮ ಸೋಲಲಿಲ್ಲ. ಕಡುಬು ಬಿಟ್ಟಳು, ಒಣ ಅಕ್ಕಿರೊಟ್ಟಿ ಬಿಟ್ಟಳು, ನೀರುದೋಸೆಯನ್ನು ತೆಂಗಿನ ಹಾಲಿನಲ್ಲಿ ನೆನೆಸಿದಳು. ಮೆಣಸು ಹಾಕದ ಒಂದೆಲಗದ ತಂಬುಳಿ ಅಪ್ಪಯ್ಯನ ಗಂಟಲಿಗೆ ಜಾರಿತು, ಅದೂ ಮಜ್ಜಿಗೆ ಹುಳಿ ಬರುವ ಮೊದಲು ಮಾಡಿದರೆ. ಗಂಜಿಗೆ ತುಪ್ಪ ಜಾಸ್ತಿ. ರಾತ್ರಿ ಮಲಗುವ ಮುಂಚೆ ಅರ್ಧ ಚಮಚ ತುಪ್ಪವನ್ನು ಬಾಯೊಳಗೆಲ್ಲ ಸವರಿಕೊಂಡರೆ ಎರಡು ತಾಸಾದರೂ ನಾಲಿಗೆ ಅಂಗುಳಕ್ಕೆ ಕಚ್ಚಿಕೊಳ್ಳುವುದಿಲ್ಲ ಅಂತ ಅಪ್ಪಯ್ಯನೇ ಕಂಡುಹಿಡಿದರು. ಅದಿಲ್ಲದ ರಾತ್ರಿ ಕತ್ತಲಲ್ಲಿ 'ಟಕ್' ಅಂತ ಒಂದು ಸದ್ದು ಬರುತ್ತಿತ್ತು, ಅಂಟಿದ ನಾಲಿಗೆ ಬಿಡಿಸಿಕೊಳ್ಳುವ ಸದ್ದು. ಪಕ್ಕದ ಕೋಣೆಯಲ್ಲಿ ಮಲಗಿದ ನನಗೆ ಅದು ಗಂಟೆಗೆ ಒಂದು ಸಲವಾದರೂ ಕೇಳುತ್ತಿತ್ತು. ಆಮೇಲೆ ಚೊಂಬು ಎತ್ತುವ ಸದ್ದು, ಆಮೇಲೆ ಬಚ್ಚಲಿಗೆ ಎದ್ದು ಹೋಗುವ ಸದ್ದು. ಉಗುರುಬೆಚ್ಚಗಿನ ಒಂದು ಲೋಟ ನೀರಿಗೆ ಕಾಲು ಚಮಚ ಅಡಿಗೆ ಸೋಡಾ, ಅದರ ಅರ್ಧದಷ್ಟು ಉಪ್ಪು ಹಾಕಿ ದಿನಕ್ಕೆ ಐದಾರು ಸಲ ಬಾಯಿ ಮುಕ್ಕಳಿಸುವುದನ್ನು ಒಬ್ಬ ನರ್ಸ್ ಹೇಳಿಕೊಟ್ಟಿದ್ದರು. ಅಂಗಡಿಯ ಖಾರದ ಮೌತ್‌ವಾಶ್ ಬೇಡ, ಅದರಲ್ಲಿ ಆಲ್ಕೋಹಾಲ್ ಇದ್ದರೆ ಇನ್ನೂ ಒಣಗುತ್ತದೆ ಅಂತಲೂ ಹೇಳಿದ್ದರು. ಆ ತಾಯಿ ಕೊಟ್ಟ ಈ ಎರಡು ಮಾತು ನಮಗೆ ಬಹಳ ಕಾಲ ಉಪಯೋಗಕ್ಕೆ ಬಂತು.

ಮಳೆಗಾಲ ನಮ್ಮ ಪಾಲಿಗೆ ಒಂದು ದೊಡ್ಡ ಔಷಧಿ. ಜೂನ್‌ನಿಂದ ಸೆಪ್ಟೆಂಬರ್ ತನಕ ಗೋಡೆಯೇ ಬೆವರುವ ನಮ್ಮ ಮನೆಯಲ್ಲಿ ಅಪ್ಪಯ್ಯ ಸ್ವಲ್ಪ ಸುಖವಾಗಿ ಮಲಗುತ್ತಿದ್ದರು. ಫೆಬ್ರವರಿ ಬಂದು ಗಾಳಿ ಒಣಗಿದರೆ ಕಷ್ಟ. ಅಡಿಕೆ ಬೇಯಿಸುವ ಒಲೆಯ ಹೊಗೆ ಇದ್ದ ದಿನಗಳಂತೂ ಅವರಿಗೆ ಅಂಗಳಕ್ಕೆ ಬರಲಿಕ್ಕಾಗುತ್ತಿರಲಿಲ್ಲ. ಬೇಸಗೆಯಲ್ಲಿ ಹಾಸಿಗೆಯ ಹತ್ತಿರ ಒದ್ದೆ ಪಂಚೆ ಹರಡುತ್ತಿದ್ದೆವು, ಫ್ಯಾನ್ ಮುಖಕ್ಕೆ ನೇರ ಬಾರದ ಹಾಗೆ ಮಂಚ ತಿರುಗಿಸಿದ್ದೆವು.

ಕೂಟ

ಅಪ್ಪಯ್ಯ ತಾಳಮದ್ದಳೆಯ ಅರ್ಥಧಾರಿ. ದೊಡ್ಡ ಹೆಸರಲ್ಲ, ಸುತ್ತಲಿನ ನಾಲ್ಕಾರು ಊರಿನ ದೇವಸ್ಥಾನಗಳಲ್ಲಿ ಮಳೆಗಾಲದ ರಾತ್ರಿಗಳಲ್ಲಿ ಕೂರುತ್ತಿದ್ದವರು. ಚಿಕಿತ್ಸೆ ಮುಗಿದ ಮುಂದಿನ ವರ್ಷ ಶ್ರಾವಣದಲ್ಲಿ ಹಳೆಯ ಗೆಳೆಯರು ಬಂದು ಕರೆದರು. ಹೋಗಲೇಬೇಕು ಅಂತ ಇವರಿಗೂ ಆಸೆ. ಕೃಷ್ಣನ ಅರ್ಥ. ಭಾಗವತರು ಪದ್ಯ ಹೇಳಿ ನಿಲ್ಲಿಸಿದರು, ಅಪ್ಪಯ್ಯ ಶುರು ಮಾಡಿದರು. ಎರಡು ವಾಕ್ಯ ಸರಾಗ ಬಂತು. ಮೂರನೆಯದರಲ್ಲಿ 'ಶ' ಒಡೆಯಿತು, ನಾಲಿಗೆ ಹಲ್ಲಿಗೆ ಹತ್ತಿತು. ನೀರು ಕುಡಿದರು. ಮತ್ತೆ ಎರಡು ವಾಕ್ಯ, ಮತ್ತೆ ನೀರು. ಎದುರು ಕೌರವನ ಅರ್ಥ ಹೇಳುತ್ತಿದ್ದವರು ಬಹಳ ಸೂಕ್ಷ್ಮದ ಮನುಷ್ಯ. ಅಪ್ಪಯ್ಯನಿಗೆ ಉಸಿರು ಸಿಗಲಿ ಅಂತ ತಮ್ಮ ಮಾತನ್ನು ಉದ್ದ ಮಾಡಿದರು, ಕೃಷ್ಣ ಹೇಳಬೇಕಾದ್ದನ್ನೂ "ನೀನು ಹೀಗೆ ಹೇಳಲಿಕ್ಕೆ ಬಂದವನಲ್ಲವೇ" ಅಂತ ತಾವೇ ಹೇಳಿ ಅದಕ್ಕೆ ತಾವೇ ಉತ್ತರ ಕೊಟ್ಟರು. ಸಭೆಗೆ ಗೊತ್ತಾಗಲಿಲ್ಲ. ಅಪ್ಪಯ್ಯನಿಗೆ ಗೊತ್ತಾಯಿತು. ವಾಪಸು ಬರುವಾಗ ಜೀಪಿನಲ್ಲಿ, "ಅವ ನನ್ನನ್ನ ದಾಟಿಸಿದ" ಅಂದರು. ಆಮೇಲೆ ಕೇಳಲಿಕ್ಕೆ ಹೋಗುತ್ತಿದ್ದರು, ಹೇಳಲಿಕ್ಕೆ ಕೂರಲಿಲ್ಲ.

ಇದನ್ನು ಯಾವ ಫೈಲಿನಲ್ಲೂ ಬರೆದಿರುವುದಿಲ್ಲ. ಅವರ ಫೈಲಿನಲ್ಲಿ ಇರುವುದು 'ಕಾಯಿಲೆ ಇಲ್ಲ' ಅಂತ, ವರ್ಷ ವರ್ಷವೂ. ಆ ಮಾತಿಗೆ ನಾವು ಕೃತಜ್ಞರು. ಗಡ್ಡೆ ಮತ್ತೆ ಬರಲೇ ಇಲ್ಲ. 2019ರಲ್ಲಿ ಹೃದಯಾಘಾತದಿಂದ ಹೋದರು, ಏಳು ವರ್ಷ ನಮ್ಮ ಜೊತೆ ಇದ್ದರು.

ಅದೇ ಬಾಗಿಲು

ಸಂಚಿಯ ವಿಷಯ ಹೇಳದೆ ಹೋದರೆ ಇದು ಪೂರ್ತಿ ಸತ್ಯವಾಗುವುದಿಲ್ಲ. ಅಪ್ಪಯ್ಯ ನಲವತ್ತು ವರ್ಷ ಹೊಗೆಸೊಪ್ಪು ಸೇರಿಸಿ ಕವಳ ಹಾಕಿದವರು. ಕಾಯಿಲೆ ಬಂದ ದಿನವೇ ಬಿಟ್ಟರು. ಬಾಯಿ ಒಣಗಿದ ಮೇಲೆ ಒಂದು ದಿನ, ಬಹಳ ಸಂಕೋಚದಿಂದ, "ಹೊಗೆಸೊಪ್ಪು ಬೇಡ, ಒಂದು ಚೂರು ಅಡಿಕೆ ಮಾತ್ರ ಹಾಕ್ಲಾ? ಅದು ಹಾಕಿದ್ರೆ ನೀರು ಬರ್ತದೆ" ಅಂತ ಕೇಳಿದರು. ಅವರ ಅನುಭವ ಸುಳ್ಳಲ್ಲ. ಅಡಿಕೆಯಲ್ಲಿರುವ ಅರೆಕೋಲಿನ್ ಗ್ರಂಥಿಗಳಿಗೆ ನೀರು ಬಿಡಲು ಹೇಳುವ ನರದ ಬಾಗಿಲನ್ನೇ ತಟ್ಟುತ್ತದೆ. ಆದರೆ ಆ ಅಡಿಕೆಯನ್ನೇ, ಹೊಗೆಸೊಪ್ಪು ಇಲ್ಲದೆಯೂ, ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರಲ್ಲಿ ಕ್ಯಾನ್ಸರ್‌ಕಾರಕ ಅಂತ ಮೊದಲ ಗುಂಪಿಗೆ ಸೇರಿಸಿದೆ. ನಾನು ಓದಿದ್ದು, ತಂಗಿಯ ಮದುವೆಯಾದದ್ದು, ಅಪ್ಪಯ್ಯನ ಚಿಕಿತ್ಸೆ ನಡೆದದ್ದು ಎಲ್ಲ ಅಡಿಕೆಯ ದುಡ್ಡಿನಲ್ಲೇ. ಇದನ್ನು ಬರೆಯುವಾಗ ಕೈ ಹಿಂದೆಮುಂದೆ ನೋಡುತ್ತದೆ. ಆದರೂ ಬೇಡ ಅಂದೆ. ಅವರು ಒಂದು ಮಾತೂ ಆಡದೆ ಸಂಚಿಯನ್ನು ಅಮ್ಮನ ಕೈಗೆ ಕೊಟ್ಟರು.

ಆಮೇಲೆ ಡಾಕ್ಟರು ಪೈಲೋಕಾರ್ಪಿನ್ ಬರೆದುಕೊಟ್ಟರು, 5 ಮಿಲಿಗ್ರಾಂ, ದಿನಕ್ಕೆ ಮೂರು. ಅದೂ ಅದೇ ಬಾಗಿಲು ತಟ್ಟುವ ಔಷಧಿ. ಬ್ರೆಜಿಲ್ ಕಡೆಯ ಜಬೊರಾಂಡಿ ಅನ್ನುವ ಗಿಡದ ಎಲೆಯಲ್ಲಿ ಸಿಗುವಂಥದ್ದು. ಅಲ್ಲಿನ ಮೂಲನಿವಾಸಿಗಳ ಮಾತಿನಲ್ಲಿ ಆ ಹೆಸರಿಗೆ ಜೊಲ್ಲು ಬರಿಸುವುದು ಅಂತಲೇ ಅರ್ಥವಂತೆ. ಅಮೆರಿಕದಲ್ಲಿ 1994ರಲ್ಲಿ ವಿಕಿರಣದಿಂದ ಒಣಗಿದ ಬಾಯಿಗೆ ಇದಕ್ಕೆ ಒಪ್ಪಿಗೆ ಸಿಕ್ಕಿದೆ. ಗುಣ ಕಾಣಲು ಕೆಲವೊಮ್ಮೆ ಮೂರು ತಿಂಗಳೂ ಬೇಕು. ಉಬ್ಬಸ ಹತೋಟಿಯಲ್ಲಿ ಇಲ್ಲದವರಿಗೆ, ಕೆಲವು ಬಗೆಯ ಗ್ಲಾಕೋಮಾ ಇರುವವರಿಗೆ ಕೊಡುವುದಿಲ್ಲ. ಅಪ್ಪಯ್ಯನಿಗೆ ಬೆವರು ಮಾತ್ರ ಧಾರಾಳ ಬಂತು, ದಿನಕ್ಕೆ ಮೂರು ಬನಿಯನ್. ಬಾಯಿಗೆ ಸ್ವಲ್ಪ, ಬೆಳಿಗ್ಗೆ ಹೊತ್ತು. ಉಳಿದಿರುವ ಗ್ರಂಥಿಯಿಂದಷ್ಟೇ ಅದು ನೀರು ತೆಗೆಸಬಲ್ಲದು.

ಹಲ್ಲಿನ ಕಥೆ ಬೇಗ ಹೇಳಿ ಮುಗಿಸುತ್ತೇನೆ, ಅದು ಬರೆಯಲಿಕ್ಕೂ ನೋವು. ಮೂರನೇ ವರ್ಷಕ್ಕೆ ಹಲ್ಲುಗಳು ವಸಡಿನ ಗೆರೆಯ ಹತ್ತಿರ ಕಪ್ಪಾಗಿ, ಒಂದೊಂದೇ ಕಡ್ಡಿ ಮುರಿದ ಹಾಗೆ ಮುರಿದವು. ಶಿವಮೊಗ್ಗದಲ್ಲಿ ತೋರಿಸಿದ ಹಲ್ಲಿನ ಡಾಕ್ಟರು ಫೈಲ್ ನೋಡಿ ಇಕ್ಕಳ ಕೆಳಗಿಟ್ಟರು. ಕಿರಣ ಬಿದ್ದ ದವಡೆಯಿಂದ ಹಲ್ಲು ಕಿತ್ತರೆ ಗಾಯ ಮಾಗದೆ ಮೂಳೆಯೇ ಸಾಯಬಹುದು ಅಂದರು. ಕೆಟ್ಟ ಹಲ್ಲುಗಳನ್ನು ಕಿರಣ ಶುರುವಾಗುವ ಹತ್ತು ಹದಿನೈದು ದಿನ ಮೊದಲೇ ಕೀಳಿಸಿ, ಉಳಿದವಕ್ಕೆ ದಿನಾ ಫ್ಲೋರೈಡ್ ಹಚ್ಚಬೇಕಿತ್ತು ಅಂದರು. ಇದೂ 'ಮೊದಲೇ' ಆಗಬೇಕಿದ್ದ ಮಾತು.

ಮೊದಲೇ

ಅಪ್ಪಯ್ಯ ಹೋದ ಮೇಲೆ ನಾನು ಇದನ್ನೆಲ್ಲ ಹುಡುಕಿ ಓದಲು ಶುರು ಮಾಡಿದೆ. ಬ್ರಿಟನ್ನಿನಲ್ಲಿ ಪಾರ್‌ಸ್ಪೋರ್ಟ್ ಅನ್ನುವ ಒಂದು ಅಧ್ಯಯನ ನಡೆದಿತ್ತು. ಗಂಟಲಿನ ಕ್ಯಾನ್ಸರ್ ಇದ್ದ 94 ಜನರನ್ನು ಎರಡು ಗುಂಪು ಮಾಡಿ, ಅರ್ಧದಷ್ಟು ಜನಕ್ಕೆ ಹಳೆಯ ರೀತಿಯ ವಿಕಿರಣ, ಉಳಿದವರಿಗೆ ಪೆರೋಟಿಡ್ ಗ್ರಂಥಿಯನ್ನು ತಪ್ಪಿಸುವ ಐಎಂಆರ್‌ಟಿ. ಒಂದು ವರ್ಷದ ನಂತರ ಬಾಯಿ ಗಣನೀಯವಾಗಿ ಒಣಗಿದವರು ಹಳೆಯ ರೀತಿಯಲ್ಲಿ 74 ಶೇಕಡ, ಹೊಸದರಲ್ಲಿ 38. ಎರಡು ವರ್ಷಕ್ಕೆ ಅದು 83 ಮತ್ತು 29. ಅಂದರೆ ಒಂದು ಗುಂಪಿನಲ್ಲಿ ಬಾಯಿ ನಿಧಾನವಾಗಿ ಚೇತರಿಸಿಕೊಳ್ಳುತ್ತಿತ್ತು, ಇನ್ನೊಂದರಲ್ಲಿ ಇಲ್ಲ. ಕಾಯಿಲೆ ಹತೋಟಿಗೆ ಬರುವುದರಲ್ಲಿ, ಬದುಕಿ ಉಳಿಯುವುದರಲ್ಲಿ ಹೇಳಿಕೊಳ್ಳುವ ವ್ಯತ್ಯಾಸ ಇರಲಿಲ್ಲ. ಆ ಸಣ್ಣ ಕೋಣೆಯಲ್ಲಿ ನಮಗೆ ಹೇಳಿದ್ದ ಮಾತೇ. ಇದು ಅಚ್ಚಾದದ್ದು 2011ರಲ್ಲಿ. ನಾವು ಸಹಿ ಹಾಕಿದ್ದು ಅದರ ಮುಂದಿನ ವರ್ಷ. ಅಂಕಿಗಳ ಮುಂದೆ ಆ ರಾತ್ರಿ ಬಹಳ ಹೊತ್ತು ಕೂತಿದ್ದೆ.

ಯಂತ್ರದ ಬುದ್ಧಿ ಇರುವುದು ಲೆಕ್ಕದಲ್ಲಿ. ಐಎಂಆರ್‌ಟಿಯಲ್ಲಿ ಹಲವು ಕೋನಗಳಿಂದ, ಒಂದೊಂದು ಕೋನದಲ್ಲೂ ಹೆಚ್ಚು ಕಡಿಮೆ ಮಾಡುತ್ತಾ ಕಿರಣ ಬಿಡುತ್ತಾರೆ. ಗಡ್ಡೆಗೆ ಬೇಕಾದಷ್ಟು ಬೀಳುತ್ತದೆ, ಪಕ್ಕದ ಗ್ರಂಥಿಗೆ ಕಡಿಮೆ. ಎರಡೂ ಪೆರೋಟಿಡ್‌ಗೆ ಬೀಳುವ ಸರಾಸರಿ ಪ್ರಮಾಣ 25 ಗ್ರೇ ಒಳಗೆ, ಇಲ್ಲವೇ ಒಂದನ್ನಾದರೂ 20 ಗ್ರೇ ಒಳಗೆ ಇಡಲು ನೋಡುತ್ತಾರೆ. ಅಷ್ಟಿದ್ದರೆ ನೀರಿನ ಸೆಲೆ ತಿರುಗಿ ಬರುವ ಸಂಭವ ಇದೆ. ಗಡ್ಡೆಯೇ ಗ್ರಂಥಿಗೆ ಒತ್ತಿಕೊಂಡಿದ್ದರೆ ಯಾವ ಡಾಕ್ಟರೂ ಗ್ರಂಥಿಗಾಗಿ ಗಡ್ಡೆಯನ್ನು ಬಿಡುವುದಿಲ್ಲ, ಬಿಡಲೂಬಾರದು. ಅಪ್ಪಯ್ಯನ ಗಡ್ಡೆ ನಾಲಿಗೆಯ ಬುಡದಲ್ಲಿ, ಹೆಚ್ಚು ಕಡಿಮೆ ನಡುವೆ ಇತ್ತು. ಎರಡೂ ಬದಿಯ ಕುತ್ತಿಗೆಗೆ ಕೊಡಲೇಬೇಕಿತ್ತು. ಐಎಂಆರ್‌ಟಿ ಕೊಡಿಸಿದ್ದರೂ ಎಲ್ಲ ಉಳಿಯುತ್ತಿರಲಿಲ್ಲ. ಸ್ವಲ್ಪ ಉಳಿಯುತ್ತಿತ್ತು. ಒಂದು ತುತ್ತು ಅನ್ನ ನುಂಗುವಷ್ಟು, ನಾಲ್ಕು ವಾಕ್ಯ ಅರ್ಥ ಹೇಳುವಷ್ಟು.

ಬೇರೆ ದಾರಿಗಳೂ ಇವೆ. ಕೆನಡಾದ ಎಡ್ಮಂಟನ್‌ನಲ್ಲಿ ದವಡೆಯ ಕೆಳಗಿನ ಒಂದು ಗ್ರಂಥಿಯನ್ನು ಕಿರಣ ಶುರುವಾಗುವ ಮೊದಲೇ ಗದ್ದದ ಅಡಿಗೆ ಸರಿಸಿಡುವ ಶಸ್ತ್ರಕ್ರಿಯೆ ಮಾಡಿದರು. ಅಮಿಫಾಸ್ಟಿನ್ ಅನ್ನುವ ಔಷಧಿಯನ್ನು ಪ್ರತಿದಿನ ಕಿರಣಕ್ಕೆ ಮುಂಚೆ ನರಕ್ಕೆ ಕೊಡುವುದಿದೆ. ಅಣುವಿಕಿರಣದಿಂದ ಕಾಪಾಡಲೆಂದು ಅಮೆರಿಕದ ಸೈನ್ಯದವರು ಹುಡುಕಿದ್ದು, ವಾಂತಿ ಮತ್ತು ಬಿಪಿ ಇಳಿಯುವುದು ಅದರ ತೊಂದರೆ. ಈ ಎರಡನ್ನೂ ನೋಡಿ. ಒಂದೂ ಆಮೇಲೆ ಮಾಡುವಂಥದ್ದಲ್ಲ. ಒಣಗಿದ ಮೇಲೆ ನಮ್ಮ ಕೈಯಲ್ಲಿ ಉಳಿಯುವುದು ತುಪ್ಪ, ಸೋಡಾ ನೀರು, ಒದ್ದೆ ಪಂಚೆ.

ಅದಕ್ಕೇ ಆವತ್ತು ಫೋನಿನಲ್ಲಿ ಅವಳಿಗೆ ಅಷ್ಟು ಒತ್ತಿ ಹೇಳಿದ್ದು. ಒಂದು ಹಾಳೆಯಲ್ಲಿ ಬರೆಸಿದೆ: ಎಂಜಲ ಗ್ರಂಥಿ ಯಾವುದೆಲ್ಲ ಉಳಿಸಬಹುದು, ಎಷ್ಟು ಗ್ರೇ ಬೀಳುತ್ತದೆ, ಕುತ್ತಿಗೆಯ ಎರಡೂ ಕಡೆಗೆ ಕೊಡಲೇಬೇಕಾ, ಹಲ್ಲು ಮೊದಲು ಯಾರಿಗೆ ತೋರಿಸಬೇಕು. "ಇಷ್ಟೆಲ್ಲ ಕೇಳಿದ್ರೆ ಡಾಕ್ಟ್ರು ಸಿಟ್ಟು ಮಾಡಲ್ವಾ?" ಅಂದಳು. "ಮಾಡಿದ್ರೆ ಮಾಡ್ಲಿ, ಕೇಳು" ಅಂದೆ.

ಸಿಟ್ಟು ಮಾಡಲಿಲ್ಲವಂತೆ. ಕಂಪ್ಯೂಟರಿನಲ್ಲಿ ಭಾವನ ಕುತ್ತಿಗೆಯ ಚಿತ್ರ ತೆಗೆದು ತೋರಿಸಿದರಂತೆ. ಗಡ್ಡೆ ಸಣ್ಣದು, ನಡುವಿನಿಂದ ದೂರ, ಎಡಕ್ಕೇ ಇದೆ. ಹಾಗಾಗಿ ಎಡಗಡೆಗೆ ಮಾತ್ರ ಸಾಕು, ಬಲಗಡೆಯ ಗ್ರಂಥಿಗಳನ್ನು ಆದಷ್ಟು ಹೊರಗಿಡುತ್ತೇವೆ ಅಂದರಂತೆ. ಎರಡು ಹಲ್ಲು ಮೊದಲೇ ಕೀಳಿಸಿದರು. ಭಾವನ ಅದೃಷ್ಟ ಅಪ್ಪಯ್ಯನಿಗಿಂತ ಒಳ್ಳೆಯದಿತ್ತು, ಗಡ್ಡೆ ಕೂತ ಜಾಗದಲ್ಲೂ, ಬಂದ ಕಾಲದಲ್ಲೂ. ಆದರೂ ಮೊದಲ ಆರು ತಿಂಗಳು ಅವರಿಗೂ ಬಾಯಿ ಒಣಗಿತ್ತು, ರುಚಿ ಹೋಗಿತ್ತು. ಅಮ್ಮ ಹೊಸನಗರಕ್ಕೆ ಹೋಗಿ ನಾಲ್ಕು ದಿನ ಇದ್ದು ತಂಬುಳಿ, ತೆಂಗಿನ ಹಾಲು, ತುಪ್ಪದ ಉಪಾಯ ಎಲ್ಲ ಹೇಳಿಕೊಟ್ಟು ಬಂದಳು.

ಮೊನ್ನೆ ಜೂನಿನಲ್ಲಿ, ಮಳೆ ಹಿಡಿದ ಎರಡನೇ ವಾರ, ಬೆಳಿಗ್ಗೆ ಏಳಕ್ಕೇ ಫೋನ್. ಇಷ್ಟು ಬೇಗ ಯಾಕೆ ಅಂತ ಎದೆ ಧಸಕ್ಕೆಂದಿತು.

"ಅಕ್ಕಾ, ಒಂದು ಹೇಳ್ಲಾ? ದಿಂಬಿನ ಕವರು ಒಗಿಲಿಕ್ಕೆ ತೆಗ್ದೆ. ಇವ್ರ ಬಲಗೆನ್ನೆ ಇಟ್ಟಲ್ಲಿ ಒದ್ದೆ ಇತ್ತು. ಮೊದ್ಲು ಮಾಡು ಸೋರಿದ್ದು ಅಂದ್ಕಂಡೆ. ಅಲ್ಲ ಅಕ್ಕಾ, ಜೊಲ್ಲು."

ಅವಳು ಅಳುತ್ತಿದ್ದಳು. ನಾನು ಫೋನನ್ನು ಸ್ಪೀಕರಿಗೆ ಹಾಕಿ ಅಮ್ಮನ ಕಿವಿಯ ಹತ್ತಿರ ಹಿಡಿದು, "ಇನ್ನೊಂದು ಸಲ ಹೇಳು" ಅಂದೆ.